ಇಕ್ಕಟ್ಟಾದ ಸೈಟ್‌ನಲ್ಲಿ ಬಾಬ್‌ಕ್ಯಾಟ್‌ನಿಂದ ಸೆಲ್ಲಾರ್ ಅಗೆಯುವುದು: ತಮ್ಮನಿಗೆ ಏನೇನು ಹೇಳಿಕೊಡಬೇಕು?

ಮಾಲೂರು ಅಣ್ಣ

ಎಲ್ಲರಿಗೂ ನಮಸ್ಕಾರ. ಮಾಲೂರು ಟೌನ್‌ನಲ್ಲಿ ನಮ್ಮದೊಂದು 30–40 ಸೈಟ್ ಇದೆ. ಮನೆ ಕಟ್ಟಲು ಹೊರಟಿದ್ದೇವೆ. ಕೆಳಗೆ ಗಾಡಿ ನಿಲ್ಲಿಸಲು ಸೆಲ್ಲಾರ್ ಬೇಕು, ಆಳ 5 ಅಡಿ. ಎಡಕ್ಕೂ ಬಲಕ್ಕೂ ಹಳೆ ಮನೆಗಳು, ಹಿಂದೆ ಕಾಂಪೌಂಡ್ ಗೋಡೆ. ಜೆಸಿಬಿ ಒಳಗೆ ಬಂದರೆ ತಿರುಗಲು ಜಾಗ ಸಾಲದು. ಅದಕ್ಕೆ ಗುತ್ತಿಗೆದಾರರು ಸ್ಕಿಡ್ ಸ್ಟೀರ್ ಲೋಡರ್ ತರಿಸೋಣ ಎಂದರು, ನಾವೆಲ್ಲ ಬಾಬ್‌ಕ್ಯಾಟ್ ಅಂತೀವಲ್ಲ, ಅದೇ. ಮಿಷನ್ ಬಾಡಿಗೆಗೆ ಸಿಕ್ಕಿದೆ, ಆಪರೇಟರ್ ಸಿಕ್ಕಿಲ್ಲ. ನನ್ನ ತಮ್ಮ ಟ್ರ್ಯಾಕ್ಟರ್ ಚೆನ್ನಾಗಿ ಓಡಿಸುತ್ತಾನೆ. ಎರಡು ದಿನ ಕೊಟ್ಟರೆ ಇದನ್ನೂ ಕಲಿತುಬಿಡುತ್ತೇನೆ ಅನ್ನುತ್ತಾನೆ. ನನಗೆ ಧೈರ್ಯ ಬರುತ್ತಿಲ್ಲ. ಅವನಿಗೆ ಹೆಂಡತಿ, ಸಣ್ಣ ಮಗು ಇದ್ದಾರೆ. ಈ ಮಿಷನ್ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ವೇಮಗಲ್ ಆಪರೇಟರ್

ಅಣ್ಣ, ನಿಮಗೆ ಧೈರ್ಯ ಬರದಿರುವುದು ಸರಿಯಾಗಿಯೇ ಇದೆ. ನಾನು ವೇಮಗಲ್, ನರಸಾಪುರ ಕಡೆ ಫ್ಯಾಕ್ಟರಿ ಸೈಟ್‌ಗಳಲ್ಲಿ ಇದೇ ಮಿಷನ್ ಓಡಿಸುತ್ತೇನೆ. ಟ್ರ್ಯಾಕ್ಟರ್ ಬಂದವನಿಗೆ ಇದು ಬಂದಂತೆ ಅಲ್ಲ. ಟ್ರ್ಯಾಕ್ಟರ್‌ನಲ್ಲಿ ಮುಂದಿನ ಚಕ್ರ ತಿರುಗುತ್ತದೆ. ಇದರಲ್ಲಿ ಯಾವ ಚಕ್ರವೂ ಪಕ್ಕಕ್ಕೆ ತಿರುಗುವುದಿಲ್ಲ. ಎಡಗಡೆಯ ಎರಡು ಚಕ್ರ ಒಂದು ವೇಗ, ಬಲಗಡೆಯ ಎರಡು ಚಕ್ರ ಇನ್ನೊಂದು ವೇಗ. ಆ ವ್ಯತ್ಯಾಸಕ್ಕೆ ಮಿಷನ್ ನೆಲ ಉಜ್ಜಿಕೊಂಡು ತಿರುಗುತ್ತದೆ. ಒಂದು ಕಡೆ ಮುಂದಕ್ಕೆ, ಇನ್ನೊಂದು ಕಡೆ ಹಿಂದಕ್ಕೆ ಕೊಟ್ಟರೆ ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಇಕ್ಕಟ್ಟು ಜಾಗಕ್ಕೆ ಇದು ಒಗ್ಗುವುದು ಅದಕ್ಕೇ. ಆದರೆ ಪಕ್ಕದಲ್ಲಿ ನಿಂತ ಹೆಲ್ಪರ್‌ಗೆ ಓಡಲು ಸಮಯ ಸಿಗದಿರುವುದೂ ಅದಕ್ಕೇ.

ಇನ್ನೊಂದು ವ್ಯತ್ಯಾಸ ಭಾರದ್ದು. ಬಕೆಟ್ ಖಾಲಿ ಇದ್ದಾಗ ಮಿಷನ್ ಭಾರ ಬಹುಪಾಲು ಹಿಂದಿನ ಚಕ್ರದ ಮೇಲಿರುತ್ತದೆ, ಇಂಜಿನ್ ಹಿಂದೆ ಇದೆಯಲ್ಲ. ಬಕೆಟ್ ತುಂಬಿದ ಕೂಡಲೇ ಅದು ಮುಂದಕ್ಕೆ ಬರುತ್ತದೆ. ಅಂದರೆ ಪ್ರತಿ ಸಲ ಮಣ್ಣು ತುಂಬಿದಾಗ, ಸುರಿದಾಗ ಮಿಷನ್ನಿನ ಸ್ವಭಾವವೇ ಬದಲಾಗುತ್ತದೆ. ಇಳಿಜಾರಿನಲ್ಲಿ ಯಾವ ಮುಖ ಮೇಲಕ್ಕಿರಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಭಾರದ ಕಡೆ ಯಾವಾಗಲೂ ಮೇಲಕ್ಕೆ. ಖಾಲಿ ಬಕೆಟ್ ಇದ್ದರೆ ರಿವರ್ಸ್‌ನಲ್ಲಿ ಹತ್ತಬೇಕು, ಮುಂದಕ್ಕೆ ಇಳಿಯಬೇಕು. ತುಂಬಿದ್ದರೆ ಮುಂದಕ್ಕೆ ಹತ್ತಬೇಕು, ರಿವರ್ಸ್‌ನಲ್ಲಿ ಇಳಿಯಬೇಕು. ಇಳಿಜಾರಿಗೆ ಅಡ್ಡಡ್ಡ ಓಡಿಸಲೇಬಾರದು, ಇಳಿಜಾರಿನ ಮೇಲೆ ತಿರುಗಿಸಲೂಬಾರದು.

ಮಿಷನ್ ಮಾಲೀಕರಿಗೆ ಹೇಳಿ ಒಬ್ಬ ಆಪರೇಟರ್‌ನನ್ನು ಹುಡುಕಿಸಿ. ಒಂದು ವಾರ ಕಾದರೂ ಪರವಾಗಿಲ್ಲ. ತಮ್ಮ ಕಲಿಯಲಿ, ಬೇಡ ಅನ್ನಲ್ಲ. ಆದರೆ ಬಯಲಿನಲ್ಲಿ, ಖಾಲಿ ಬಕೆಟ್‌ನಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದ ಕಡೆ ಕಲಿಯಲಿ. ನಾಲ್ಕು ಗೋಡೆ ನಡುವಿನ ಗುಂಡಿ ಕಲಿಯುವ ಜಾಗವಲ್ಲ.

ಗೌರಿಬಿದನೂರು ಫಾರಂ

ನಮ್ಮ ಕೋಳಿ ಫಾರಂನಲ್ಲಿ ಗೊಬ್ಬರ ಎತ್ತಲು ಇದನ್ನೇ ಬಳಸುತ್ತೇವೆ. ಹುಡುಗರು ವಾರದಲ್ಲಿ ಕಲಿತರು. ಬೆಲ್ಟ್ ಹಾಕುವುದಿಲ್ಲ, ಪದೇ ಪದೇ ಹತ್ತಿ ಇಳಿಯಬೇಕಲ್ಲ, ಕೆಲಸ ಸಾಗುವುದಿಲ್ಲ. ಸೀಟ್ ಮುಂದಿನ ಬಾರ್ ಎತ್ತಿದರೆ ಎಲ್ಲಾ ನಿಂತುಹೋಗುತ್ತದೆ ಅಂತ ಅದರ ಸ್ವಿಚ್ಚಿಗೂ ಒಂದು ವೈರ್ ಹಾಕಿಸಿದ್ದೇವೆ. ಇಷ್ಟು ವರ್ಷ ಏನೂ ತೊಂದರೆ ಆಗಿಲ್ಲ. ಸುಮ್ನೆ ಹೆದರಿಸಬೇಡಿ ಅಂತ ನನ್ನ ಕೋರಿಕೆ.

ಫಿಟ್ಟರ್ ತುಮಕೂರು

ಸಾರ್, ಬೇಜಾರು ಮಾಡಿಕೊಳ್ಳಬೇಡಿ. ಆ ವೈರ್ ಇವತ್ತೇ ತೆಗೆಸಿ. ನಾಳೆ ಬೆಳಗ್ಗೆವರೆಗೂ ಬಿಡಬೇಡಿ.

ಈ ಮಿಷನ್ ಹುಟ್ಟಿದ್ದೇ ನಿಮ್ಮಂಥ ಫಾರಂಗೆ. ಅಮೆರಿಕದ ಮಿನ್ನೆಸೋಟದಲ್ಲಿ ಸಿರಿಲ್ ಕೆಲ್ಲರ್, ಲೂಯಿಸ್ ಕೆಲ್ಲರ್ ಅನ್ನುವ ಅಣ್ಣತಮ್ಮಂದಿರು 1957ರಲ್ಲಿ ಒಬ್ಬ ಟರ್ಕಿ ಕೋಳಿ ಸಾಕುವವರಿಗಾಗಿ ಮೂರು ಚಕ್ರದ ಸಣ್ಣ ಲೋಡರ್ ಮಾಡಿಕೊಟ್ಟರು. ಶೆಡ್ ಒಳಗೆ ಕಂಬಗಳ ನಡುವೆ ತಿರುಗಬೇಕಿತ್ತು, ಅದಕ್ಕೆ ಈ ರೂಪ ಬಂತು. ಆಮೇಲೆ ಮೆಲ್ರೋ ಕಂಪನಿ ಅದನ್ನು ತೆಗೆದುಕೊಂಡು 1960ರಲ್ಲಿ ನಾಲ್ಕು ಚಕ್ರದ್ದು ಮಾಡಿತು. 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಂತು. ಬಾರ್, ಬೆಲ್ಟ್, ಸ್ವಿಚ್ ಎಲ್ಲಾ ಆಮೇಲಾಮೇಲೆ ಸೇರಿದವು. ಜನ ಸತ್ತಿದ್ದಕ್ಕೇ ಸೇರಿದವು.

ಯಾಕೆ ಅಂತ ಹೇಳುತ್ತೇನೆ. ಸಾಮಾನ್ಯ ಬಾಬ್‌ಕ್ಯಾಟ್‌ಗೆ ಹತ್ತುವುದು ಮುಂದಿನಿಂದ, ಬಕೆಟ್ ದಾಟಿಕೊಂಡು. ಎರಡೂ ಪಕ್ಕದಲ್ಲಿ ಬಕೆಟ್ ಎತ್ತುವ ತೋಳು, ಅಂದರೆ ಆರ್ಮ್ ಇರುತ್ತದೆ. ಆರ್ಮ್ ಮೇಲಿರುವಾಗ ಯಾರಾದರೂ ಇಳಿಯಲು ಹೋದರೆ, ಕಾಲೋ ಕೈಯೋ ಲಿವರ್‌ಗೆ ತಾಗಿದರೆ, ಆರ್ಮ್ ಕೆಳಗೆ ಬರುತ್ತದೆ. ಮನುಷ್ಯ ಆರ್ಮ್‌ಗೂ ಬಾಡಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಶ್ 1998ರಲ್ಲಿ ಈ ಒಂದು ಮಿಷನ್ ಬಗ್ಗೆಯೇ ಎಚ್ಚರಿಕೆ ಪತ್ರ ಹೊರಡಿಸಿತು. ಅದು ಮುಖ್ಯವಾಗಿ ಹೇಳಿದ್ದು ಇವನ್ನೇ: ಆರ್ಮ್ ಇಲ್ಲವೇ ಬಕೆಟ್ ಕೆಳಗೆ ಸಿಕ್ಕಿಕೊಳ್ಳುವುದು, ಮಿಷನ್ ಮಗುಚುವುದು. ಬಾರ್ ಎತ್ತಿದಾಗ ಹೈಡ್ರಾಲಿಕ್ ಲಾಕ್ ಆಗುವುದು ಈ ಸಾವು ತಡೆಯಲಿಕ್ಕೆ. ನೀವು ವೈರ್ ಹಾಕಿ ತೆಗೆದಿದ್ದು ಅದನ್ನೇ.

ಇಲ್ಲಿ ತುಮಕೂರು ಹತ್ತಿರದ ಒಂದು ಸೈಟ್‌ನಲ್ಲಿ ಸ್ವಿಚ್ ಬೈಪಾಸ್ ಆಗಿದ್ದ ಮಿಷನ್ನಿನಿಂದ ಒಬ್ಬ ಹುಡುಗನ ತೊಡೆ ಮೂಳೆ ಮುರಿಯಿತು. ಆರ್ಮ್ ಪೂರ್ತಿ ಬೀಳಲಿಲ್ಲ, ಅದಕ್ಕೆ ಬದುಕಿದ. ಆ ಮಿಷನ್ ರಿಪೇರಿಗೆ ನಮ್ಮ ಶೆಡ್ಡಿಗೆ ಬಂದಿತ್ತು. ವೈರ್ ನಾನೇ ಬಿಚ್ಚಿದೆ. ಅದಕ್ಕೇ ಇಷ್ಟು ಬೇಡಿಕೊಳ್ಳುತ್ತಿದ್ದೇನೆ.

ಗೌರಿಬಿದನೂರು ಫಾರಂ

ಹುಟ್ಟಿದ್ದು ಫಾರಂಗೆ ಅಂತ ಗೊತ್ತಿರಲಿಲ್ಲ. ನಾಳೆ ಮೆಕ್ಯಾನಿಕ್ ಕರೆಸುತ್ತೇನೆ. ಬೆಲ್ಟ್ ವಿಷಯ ಮಾತ್ರ ಹುಡುಗರು ಕೇಳುವುದಿಲ್ಲ, ಏನು ಹೇಳಲಿ?

ವೇಮಗಲ್ ಆಪರೇಟರ್

ಕ್ಯಾಬಿನ್ ಅನ್ನುವುದು ಉರುಳಿದಾಗ ಕಾಪಾಡುವ ಪಂಜರ. ಬೆಲ್ಟ್ ಇದ್ದರೆ ನೀವು ಪಂಜರದ ಒಳಗೇ ಇರುತ್ತೀರಿ. ಇಲ್ಲದಿದ್ದರೆ ಅರ್ಧ ದೇಹ ಹೊರಗೆ ಬಂದು ಪಂಜರವೇ ಮೈಮೇಲೆ ಬೀಳುತ್ತದೆ. ಇಷ್ಟು ಹೇಳಿ ಸಾರ್, ಅರ್ಥ ಮಾಡಿಕೊಳ್ಳುತ್ತಾರೆ. ಮಗುಚುತ್ತಿದೆ ಅನಿಸಿದರೆ ಜಿಗಿಯಲೂಬಾರದು. ಕೈಕಾಲು ಒಳಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದು ಕೂರಬೇಕು.

ಶೆಡ್ ಒಳಗೆ ಬಾಗಿಲು ಕಿಟಕಿ ಮುಚ್ಚಿಕೊಂಡು ಓಡಿಸುತ್ತಾರಾ? ಡೀಸೆಲ್ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ. ಗಾಳಿ ಆಡುವಂತೆ ಪರದೆ ಎತ್ತಿಸಿ. ಮಾಲೂರು ಅಣ್ಣನ ಸೆಲ್ಲಾರ್‌ಗೂ ಮೇಲೆ ಮೋಲ್ಡ್ ಹಾಕಿದ ಮೇಲೆ ಮಿಷನ್ ಇಳಿಸಿದರೆ ಇದೇ ಮಾತು.

ಚಿಂತಾಮಣಿ ಸಿವಿಲ್

ನಾನು ಸಿವಿಲ್ ಇಂಜಿನಿಯರ್. ಮಿಷನ್ ಬಗ್ಗೆ ಉಳಿದವರು ಹೇಳುತ್ತಿದ್ದಾರೆ, ನಾನು ಗುಂಡಿಯ ಬಗ್ಗೆ ಹೇಳುತ್ತೇನೆ. ಮಾಲೂರು ಅಣ್ಣ, ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಹೆದರಿಕೆ ಆಗಿದ್ದು ಬಾಬ್‌ಕ್ಯಾಟ್‌ಗೆ ಅಲ್ಲ, ಅಕ್ಕಪಕ್ಕದ ಹಳೆ ಮನೆಗಳಿಗೆ.

ಅಗೆತದ ಸುರಕ್ಷತೆಗೆ ಐಎಸ್ 3764 ಅಂತ ನಮ್ಮ ದೇಶದ ಮಾನದಂಡ ಇದೆ. ಒಂದೂವರೆ ಮೀಟರ್‌ಗಿಂತ ಆಳವಾದ ಕಾಲುವೆಗೆ ಆಸರೆ ಕೊಡಬೇಕು ಇಲ್ಲವೇ ಬದಿಯನ್ನು ಇಳಿಜಾರು ಮಾಡಬೇಕು ಅನ್ನುತ್ತದೆ. ನಿಮ್ಮ 5 ಅಡಿ ಅಂದರೆ ಸರಿಯಾಗಿ ಅದೇ ಗೆರೆಯ ಮೇಲಿದೆ. ತಳಕ್ಕೆ ಹಾಕುವ ಪಿಸಿಸಿ ಕಾಂಕ್ರೀಟ್‌ಗೆ, ಅದರ ಕೆಳಗೆ ಹಾಸುವ ಸೈಜುಗಲ್ಲು ಸೋಲಿಂಗ್‌ಗೆ ಇನ್ನೊಂದು ಅಡಿ ಇಳಿಸುತ್ತೀರಿ. ಆಗ ಗೆರೆ ದಾಟಿದಂತೆಯೇ.

ಹಳೆ ಮನೆಗಳ ಪಾಯ ಎಷ್ಟು ಆಳ ಇದೆ ಅಂತ ಮೊದಲು ನೋಡಿ. ನಮ್ಮ ಕಡೆ ಹಳೆ ಸೈಜುಗಲ್ಲಿನ ಪಾಯ ಎಷ್ಟೋ ಕಡೆ 3 ಅಡಿಗೇ ನಿಂತಿರುತ್ತದೆ. ನೀವು ಅದಕ್ಕಿಂತ ಕೆಳಗೆ ಅವರ ಗೋಡೆ ಪಕ್ಕದಲ್ಲೇ ಮಣ್ಣು ತೆಗೆದರೆ ಅವರ ಪಾಯದ ಕೆಳಗಿನ ಮಣ್ಣು ನಿಮ್ಮ ಗುಂಡಿಗೆ ಜಾರುತ್ತದೆ. ಒಂದು ಮೂಲೆಯಲ್ಲಿ ಕೈಯಿಂದ ಸಣ್ಣ ಗುಂಡಿ ತೋಡಿಸಿ ಪಾಯದ ತಳ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಗೋಡೆ ಕಡೆ ಮೂರು ನಾಲ್ಕು ಅಡಿ ಮಣ್ಣನ್ನು ಹಾಗೇ ಬಿಟ್ಟು ನಡುವೆ ಮಾತ್ರ ಮಿಷನ್‌ನಿಂದ ತೆಗೆಯಿರಿ. ಬಿಟ್ಟ ಮಣ್ಣನ್ನು ಆಮೇಲೆ ತುಂಡು ತುಂಡಾಗಿ, ಕೈಯಿಂದ ತೆಗೆದು, ಒಂದು ತುಂಡಿಗೆ ಆರ್‌ಸಿಸಿ ಗೋಡೆ ನಿಲ್ಲಿಸಿದ ಮೇಲೆ ಇನ್ನೊಂದು ತುಂಡಿಗೆ ಹೋಗಬೇಕು. ಒಂದೇ ದಿನ ಉದ್ದಕ್ಕೂ ಬಿಚ್ಚಿಡಬೇಡಿ.

ಮಣ್ಣನ್ನು ಗುಂಡಿಯ ಅಂಚಿನಲ್ಲೇ ರಾಶಿ ಹಾಕುವುದು ಎಲ್ಲಾ ಸೈಟ್‌ನಲ್ಲೂ ಕಾಣುತ್ತೇನೆ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ, ನೆನೆದರೆ ಇನ್ನೂ ಜಾಸ್ತಿ. ಆ ಭಾರ ಅಂಚನ್ನು ಒತ್ತುತ್ತದೆ. ಕನಿಷ್ಠ ಒಂದೂವರೆ ಮೀಟರ್ ದೂರ ಹಾಕಿಸಿ. ನಿಮ್ಮ ಸೈಟ್‌ನಲ್ಲಿ ಅಷ್ಟು ಜಾಗವಿಲ್ಲ, ಹಾಗಾಗಿ ತೆಗೆದದ್ದು ತೆಗೆದಂತೆ ಟ್ರ್ಯಾಕ್ಟರ್‌ಗೋ ಟಿಪ್ಪರ್‌ಗೋ ಹೋಗಬೇಕು. ಮಿಷನ್ ಮೇಲೆ ಇರುವಾಗಲೂ ಅಂಚಿನಿಂದ ಗುಂಡಿ ಆಳದಷ್ಟಾದರೂ ದೂರ ಇರಲಿ. ಅಂಚಿಗೆ ಸಮಾನಾಂತರವಾಗಿ ಓಡಿಸಬೇಡಿ.

ಮುಳಬಾಗಿಲು ಮೇಸ್ತ್ರಿ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಅಗೆಯುವ ಮೊದಲು ಬೀದಿಯ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಈ ಜಾಗದಲ್ಲಿ ಮೊದಲು ಏನಿತ್ತು ಅಂತ. ಕೋಲಾರ, ಚಿಕ್ಕಬಳ್ಳಾಪುರ ಕಡೆ ತೆರೆದ ಬಾವಿಗಳು ಬತ್ತಿದ ಮೇಲೆ ಜನ ಕಸ, ಕಟ್ಟಡದ ಅವಶೇಷ ತುಂಬಿ ಮುಚ್ಚಿಬಿಟ್ಟರು. ಮೇಲೆ ನೋಡಿದರೆ ಗಟ್ಟಿ ನೆಲ. ಎರಡೂವರೆ ಮೂರು ಟನ್ ಮಿಷನ್ ಅದರ ಮೇಲೆ ನಿಂತು ತಿರುಗಿದರೆ ಕುಸಿಯುತ್ತದೆ. ಹಳೆ ಮನೆ ಕೆಡವಿದ ಸೈಟ್ ಆದರೆ ಕಕ್ಕಸು ಗುಂಡಿ ಇದ್ದೇ ಇರುತ್ತದೆ, ಮೇಲೆ ಚಪ್ಪಡಿ ಹಾಸಿ ಮಣ್ಣು ಮುಚ್ಚಿರುತ್ತಾರೆ. ಹಾಳುಬಿದ್ದ ಬೋರ್‌ವೆಲ್ ಕೂಡ ನೋಡಿಕೊಳ್ಳಿ. ಅನುಮಾನ ಇರುವ ಕಡೆ ಹಾರೆಯಿಂದ ಕುಟ್ಟಿ ನೋಡಿ. ಟೊಳ್ಳು ಶಬ್ದ ಕಿವಿಗೆ ಗೊತ್ತಾಗುತ್ತದೆ.

ಸಿರಾ ರೋಡ್

ತುಮಕೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಮ್ಮಲ್ಲಿ ನೀರು, ಒಳಚರಂಡಿ (ಯುಜಿಡಿ) ಜೊತೆ ಗ್ಯಾಸ್ ಪೈಪೂ ಇದೆ. ಆಪ್ಟಿಕಲ್ ಫೈಬರ್ ಎಲ್ಲಾ ಬೀದಿಯಲ್ಲೂ ಇದೆ. ರಸ್ತೆ ಬದಿ ಅಗೆಯುವ ಸಂಸ್ಥೆಗಳಿಗೆ ಅಂತ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಕಾಲ್ ಬಿಫೋರ್ ಯು ಡಿಗ್ ಅನ್ನುವ ಆ್ಯಪ್ ತಂದಿದೆ. ನೆಲದೊಳಗೆ ಯಾರ ಪೈಪು, ಯಾರ ಕೇಬಲ್ ಇದೆಯೋ ಅವರಿಗೆ ಮೊದಲೇ ತಿಳಿಸುವ ವ್ಯವಸ್ಥೆ. ಗುತ್ತಿಗೆದಾರರಿಗೆ ಹೇಳಿ. ಕರೆಂಟ್ ವಿಷಯಕ್ಕೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗೂ ಬೆಸ್ಕಾಂ, 1912ಕ್ಕೆ ಫೋನ್ ಮಾಡಿ.

ಫಿಟ್ಟರ್ ತುಮಕೂರು

ಕೆಳಗಿನ ಕೇಬಲ್ ನೋಡಿ ಮೇಲಿನ ತಂತಿ ಮರೆಯುತ್ತಾರೆ. ಬಕೆಟ್ ಪೂರ್ತಿ ಎತ್ತಿದರೆ 12, 13 ಅಡಿ ಮುಟ್ಟುತ್ತದೆ. ಇಕ್ಕಟ್ಟು ಬೀದಿಗಳಲ್ಲಿ ಸರ್ವಿಸ್ ವೈರ್ ಜೋತುಬಿದ್ದಿರುತ್ತದೆ. ಟಿಪ್ಪರ್ ನಿಲ್ಲಿಸುವ ಜಾಗದ ಮೇಲೆ ತಂತಿ ಇರಬಾರದು. ಅಕಸ್ಮಾತ್ ತಾಗಿದರೆ ಆಪರೇಟರ್ ಕೆಳಗೆ ಇಳಿಯಬಾರದು. ಒಳಗೇ ಕೂತು ಲೈನ್ ಆಫ್ ಮಾಡಿಸುವವರೆಗೂ ಎಲ್ಲರನ್ನೂ ದೂರ ನಿಲ್ಲಿಸಬೇಕು. ಬೆಂಕಿ ಹತ್ತಿಕೊಂಡರೆ ಮಾತ್ರ, ಎರಡೂ ಕಾಲು ಜೋಡಿಸಿ ದೂರಕ್ಕೆ ಜಿಗಿದು, ಪಾದ ಎತ್ತದೆ ಸಣ್ಣ ಸಣ್ಣದಾಗಿ ಸರಿದುಕೊಂಡು ಹೋಗಬೇಕು. ಮಿಷನ್ ಮುಟ್ಟಿಕೊಂಡು ನೆಲಕ್ಕೆ ಕಾಲಿಟ್ಟರೆ ಕರೆಂಟ್ ಮೈಯಿಂದ ಇಳಿಯುತ್ತದೆ.

ಮಾಲೂರು ಅಣ್ಣ

ಎಲ್ಲರಿಗೂ ಕೈ ಮುಗಿಯುತ್ತೇನೆ. ಪಕ್ಕದ ಮನೆಯ ಪಾಯ ನೋಡಿಸಿದೆ, ಮೇಡಂ. ಎಡಗಡೆಯದು ನಿಜವಾಗಿಯೂ 3 ಅಡಿಗೇ ನಿಂತಿದೆ. ಇಂಜಿನಿಯರ್‌ಗೆ ತೋರಿಸಿ ಡ್ರಾಯಿಂಗ್ ಬದಲಾಯಿಸಿದೆವು, ಆ ಕಡೆ 4 ಅಡಿ ಬಿಡುತ್ತಿದ್ದೇವೆ. ಬಂಗಾರಪೇಟೆಯಿಂದ ಒಬ್ಬ ಆಪರೇಟರ್ ಸಿಕ್ಕಿದ್ದಾರೆ, ಮುಂದಿನ ವಾರ ಬರುತ್ತಾರೆ. ತಮ್ಮ ಅವರ ಜೊತೆ ಇದ್ದು ಕಲಿಯುತ್ತಾನೆ. ಮಿಷನ್ ಪ್ಲೇಟ್ ಮೇಲೆ ಆಪರೇಟಿಂಗ್ ಕೆಪಾಸಿಟಿ 600 ಕೆಜಿ ಅಂತಿದೆ. ಬಕೆಟ್ 0.4 ಘನ ಮೀಟರ್. ಇದರಿಂದ ಏನು ತಿಳಿದುಕೊಳ್ಳಬೇಕು?

ವೇಮಗಲ್ ಆಪರೇಟರ್

ಬಹಳ ಒಳ್ಳೆ ಕೆಲಸ ಮಾಡಿದಿರಿ ಅಣ್ಣ. ಪ್ಲೇಟ್ ಓದುವವರೇ ಕಮ್ಮಿ.

600 ಅಂದರೆ, ಈ ಮಿಷನ್ ಸುಮಾರು 1200 ಕೆಜಿಗೆ ಮುಂದಕ್ಕೆ ಮುಗ್ಗರಿಸುತ್ತದೆ ಅಂತ ಅರ್ಥ. ಚಕ್ರದ ಮಿಷನ್‌ಗಳಿಗೆ ಮುಗ್ಗರಿಸುವ ಭಾರದ ಅರ್ಧವನ್ನು ಕೆಲಸದ ಮಿತಿ ಅಂತ ಬರೆಯುತ್ತಾರೆ. ಆ ಲೆಕ್ಕ ಹಾಕುವುದು ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ. ಇಳಿಜಾರು, ಬ್ರೇಕ್, ಗುಳಿ, ತಿರುವು ಎಲ್ಲಾ ಉಳಿದ ಅರ್ಧವನ್ನು ತಿನ್ನುತ್ತವೆ. ಈಗ ನಿಮ್ಮ ಬಕೆಟ್ ನೋಡಿ. 0.4 ಘನ ಮೀಟರ್ ಹಸಿ ಕೆಮ್ಮಣ್ಣು, ಘನ ಮೀಟರ್‌ಗೆ 1600 ಕೆಜಿ ಅಂದುಕೊಂಡರೆ, 640 ಕೆಜಿ. ಅಂದರೆ ಮಳೆ ಬಿದ್ದ ಮೇಲೆ ಬಕೆಟ್ ತುಂಬಾ ತೆಗೆದರೂ ಮಿತಿ ದಾಟಿತು. ಗೋಪುರ ಕಟ್ಟಿದರಂತೂ ಕೇಳುವುದೇ ಬೇಡ. ಒಣ ಮಣ್ಣಾದರೆ ಬಕೆಟ್ ಮಟ್ಟಕ್ಕೆ, ಹಸಿ ಮಣ್ಣಾದರೆ ಮುಕ್ಕಾಲು. ನಡುವೆ ಬಂಡೆ ತುಂಡು ಸಿಕ್ಕರೆ ಇನ್ನೂ ಕಡಿಮೆ, ಗ್ರಾನೈಟ್ ತುಂಬಾ ತೂಕ. ನಮ್ಮ ಜಿಲ್ಲೆಯಲ್ಲಿ ಎರಡಡಿ ಕೆಳಗೆ ಬಂಡೆ ಸಿಗುವುದು ಹೊಸದೇನಲ್ಲ. ಹಾಗೆ ಸಿಕ್ಕರೆ ಬಕೆಟ್‌ನಿಂದ ಮೀಟಿ ಕಿತ್ತು ಹೋರಾಡಬೇಡಿ. ಹಿಂದಿನ ಚಕ್ರ ಎದ್ದುಬಿಡುತ್ತದೆ. ಬಂಡೆ ಒಡೆಯುವ ಬ್ರೇಕರ್ ಕರೆಸಿ.

ಅಗೆಯುವ ರೀತಿ ಹೀಗೆ. ಇದು ಇಟಾಚಿ (ಉದ್ದ ಕೈಯ ಅಗೆಯುವ ಮಿಷನ್) ಅಲ್ಲ, ನಿಂತಲ್ಲಿಂದ ಕೆಳಕ್ಕೆ ತೋಡಲು ಬರುವುದಿಲ್ಲ. ಪದರ ಪದರವಾಗಿ ಹೆರೆಯುವ ಮಿಷನ್. ಆರ್ಮ್ ಪೂರ್ತಿ ಕೆಳಗೆ ಇಳಿಸಿ. ಬಕೆಟ್ ಮುಂದಕ್ಕೆ ಬಾಗಿಸಿ ಹಲ್ಲು ನೆಲಕ್ಕೆ ತಾಗಲಿ. ನಿಧಾನವಾಗಿ ಮುಂದೆ ಹೋಗಿ. ಮೂರು ನಾಲ್ಕು ಇಂಚು ಕಚ್ಚಿದ ಮೇಲೆ ಬಕೆಟ್ ಸ್ವಲ್ಪ ಹಿಂದಕ್ಕೆ ಮಡಚಿ ಆಳ ಸರಿ ಮಾಡಿಕೊಳ್ಳಿ. ಜಾಸ್ತಿ ಕಚ್ಚಿಸಿದರೆ ಚಕ್ರ ಸುಮ್ನೆ ಉಜ್ಜುತ್ತದೆ, ಟೈರ್ ಸವೆಯುತ್ತದೆ, ಮಣ್ಣು ಬರುವುದಿಲ್ಲ. ತುಂಬಿದ ಮೇಲೆ ಬಕೆಟ್ ಪೂರ್ತಿ ಹಿಂದಕ್ಕೆ ಮಡಚಿ, ನೆಲದಿಂದ ಒಂದಡಿಯೊಳಗೆ ಹಿಡಿದು ಸಾಗಿಸಿ. ಎತ್ತಿಕೊಂಡು ಓಡಿಸುವುದೇ ಎಷ್ಟೋ ಅಪಘಾತಕ್ಕೆ ಕಾರಣ. ಟ್ರೈಲರ್ ಪಕ್ಕ ಬಂದು ನಿಂತ ಮೇಲೆ ಮಾತ್ರ ಎತ್ತಿ, ಸುರಿದು, ಹಿಂದೆ ಸರಿದು, ಇಳಿಸಿ. ಎತ್ತಿದ ಬಕೆಟ್‌ನಲ್ಲಿ ತಿರುಗಿಸಬೇಡಿ. ಸುರಿಯುವಾಗ ಟ್ರ್ಯಾಕ್ಟರ್ ಡ್ರೈವರ್ ಇಳಿದು ದೂರ ನಿಲ್ಲಲಿ.

ಮಾಲೂರು ತಮ್ಮ

ನಮಸ್ಕಾರ, ನಾನೇ ತಮ್ಮ. ಅಣ್ಣ ಇದನ್ನೆಲ್ಲ ಓದಿಸಿದರು. ನನಗೊಂದು ಅನುಮಾನ ಇದೆ. ಗುಂಡಿಗೆ ಇಳಿಯಲು ರ‍್ಯಾಂಪ್ ಮಾಡಿಕೊಳ್ಳುತ್ತೇವೆ. ಖಾಲಿ ಇಳಿಯುವಾಗ ಮುಂದಕ್ಕೆ, ಸರಿ. ತುಂಬಿಸಿಕೊಂಡು ಹಾಗೇ ರಿವರ್ಸ್‌ನಲ್ಲಿ ಹತ್ತಿಬಿಟ್ಟರೆ ತಿರುಗಿಸುವ ಕೆಲಸ ಉಳಿಯುತ್ತದೆ ಅಲ್ವಾ? ಜಾಗ ಇಕ್ಕಟ್ಟು.

ವೇಮಗಲ್ ಆಪರೇಟರ್

ಇಲ್ಲಪ್ಪ, ಅಲ್ಲೇ ಅಪಾಯ ಇರುವುದು. ತುಂಬಿದ ಬಕೆಟ್ ಕೆಳಮುಖ ಇದ್ದರೆ ಭಾರವೆಲ್ಲ ಇಳಿಜಾರಿನ ಕೆಳಗಡೆಗೆ ಬಂತು. ಮುಂದಿನ ಚಕ್ರದ ಮೇಲೆ ಎಲ್ಲಾ ಕೂತು, ಹಿಂದಿನ ಚಕ್ರ ಹಗುರವಾಗುತ್ತದೆ. ಒಂದು ಗುಳಿ ಸಿಕ್ಕರೆ ಸಾಕು, ಮೂತಿ ಕೆಳಗಾಗಿ ನಿಲ್ಲುತ್ತದೆ. ಇಳಿಯುವುದೂ ಮುಂದಕ್ಕೆ, ತುಂಬಿಕೊಂಡು ಹತ್ತುವುದೂ ಮುಂದಕ್ಕೆ. ತಿರುಗಿಸುವುದು ಕೆಳಗೆ ಸಮತಟ್ಟಿನಲ್ಲಿ, ಮತ್ತೆ ಮೇಲೆ ಸಮತಟ್ಟಿನಲ್ಲಿ. ಅದಕ್ಕೆ ಗುಂಡಿ ತಳದಲ್ಲಿ 15 ಅಡಿ ಚೌಕದಷ್ಟು ಜಾಗ ಯಾವಾಗಲೂ ಮಟ್ಟವಾಗಿರಲಿ. ನಿಮ್ಮ ಸೈಟ್ 40 ಅಡಿ ಉದ್ದ. 5 ಅಡಿ ಆಳಕ್ಕೆ ರ‍್ಯಾಂಪ್ 20 ಅಡಿಗಿಂತ ಕಡಿಮೆ ಇದ್ದರೆ ನಾನು ಇಳಿಯುವುದಿಲ್ಲ. ಉಳಿದ 20 ಅಡಿ ನಿಮಗೆ ಸಾಕು. ರ‍್ಯಾಂಪ್ ಅಗಲ ಮಿಷನ್‌ಗಿಂತ ಎರಡೂ ಕಡೆ ಎರಡೆರಡು ಅಡಿ ಜಾಸ್ತಿ ಇರಲಿ.

ಕೊನೆಗೆ ಆ ರ‍್ಯಾಂಪ್ ಮಣ್ಣನ್ನು ಬಾಬ್‌ಕ್ಯಾಟ್‌ನಿಂದ ತೆಗೆಯಲು ಹೋಗಬೇಡಿ, ಹತ್ತುವ ದಾರಿಯನ್ನೇ ಕಡಿದುಕೊಂಡಂತೆ. ಬಾಬ್‌ಕ್ಯಾಟ್ ಮೇಲೆ ಬಂದ ಮೇಲೆ ಒಂದು ಜೆಸಿಬಿ ಕರೆಸಿ, ರಸ್ತೆಯಲ್ಲಿ ನಿಂತು ಹಿಂದಿನ ಬಕೆಟ್‌ನಿಂದ ಎಳೆದುಕೊಳ್ಳಲಿ. ಒಂದೆರಡು ಗಂಟೆ ಬಾಡಿಗೆ, ಅಷ್ಟೇ.

ಶ್ರೀನಿವಾಸಪುರ ಮಾವು

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ತೋಟದಲ್ಲಿ ಕೃಷಿ ಹೊಂಡ ತೆಗೆಸಲು ಇದು ಆಗುತ್ತದಾ?

ಚಿಂತಾಮಣಿ ಸಿವಿಲ್

ಬೇಡ ಅಣ್ಣ. ಕೃಷಿ ಹೊಂಡ 10 ಅಡಿ ಆಸುಪಾಸು ಇಳಿಯುತ್ತದೆ, ನಾಲ್ಕೂ ಬದಿ ಇಳಿಜಾರು. ಅದು ಇಟಾಚಿ ಕೆಲಸ, ದಂಡೆಯಲ್ಲಿ ನಿಂತು ತೋಡುತ್ತದೆ. ಬಾಬ್‌ಕ್ಯಾಟ್ ಬೇಕಿದ್ದರೆ ತೆಗೆದ ಮಣ್ಣನ್ನು ತೋಟದಲ್ಲಿ ಹರಡಲು ಇಟ್ಟುಕೊಳ್ಳಿ.

ಶಿಡ್ಲಘಟ್ಟ ಅಕ್ಕ

ನಮ್ಮ ಬೀದಿಯಲ್ಲಿ ಇಂಥ ಕೆಲಸ ನಡೆದಾಗ ಊರ ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಒಂದು ಮಗು ಮಿಷನ್ ಹಿಂದೆಯೇ ಕೂತಿತ್ತು, ಡ್ರೈವರ್‌ಗೆ ಗೊತ್ತೇ ಇರಲಿಲ್ಲ. ಪುಣ್ಯಕ್ಕೆ ನಾನು ಕೂಗಿಕೊಂಡೆ. ಮಾಲೂರು ಅಣ್ಣ, ಹಗ್ಗ ಕಟ್ಟಿಸಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಶಾಲೆ ಇರುವ ಹೊತ್ತಲ್ಲಿ ಕೆಲಸ ಜಾಸ್ತಿ ಮಾಡಿಸಿ. ಭಾನುವಾರ ಬೇಡವೇ ಬೇಡ.

ಫಿಟ್ಟರ್ ತುಮಕೂರು

ಅಕ್ಕ, ನೀವು ಕೂಗಿದ್ದು ಒಂದು ಜೀವ ಉಳಿಸಿತು. ಈ ಮಿಷನ್‌ಗೆ ಹಿಂದೆ ಇಂಜಿನ್, ಪಕ್ಕಕ್ಕೆ ಆರ್ಮ್. ಎರಡೂ ಕಡೆ ಸರಿಯಾಗಿ ಕಾಣುವುದಿಲ್ಲ. ರಿವರ್ಸ್ ಹಾರ್ನ್ ಕೆಲಸ ಮಾಡುತ್ತಾ ನೋಡಿ. ಆದರೂ ಕೈಸನ್ನೆ ಕೊಡುವ ಒಬ್ಬನೇ ಮನುಷ್ಯ ಇರಲಿ, ಆಪರೇಟರ್‌ಗೆ ಕಾಣುವ ಜಾಗದಲ್ಲಿ. ಅವನು ಕಣ್ಣಿಗೆ ಕಾಣದಿದ್ದರೆ ಮಿಷನ್ ನಿಲ್ಲಬೇಕು. ಬಕೆಟ್‌ನಲ್ಲಿ ಯಾರನ್ನೂ ಕೂರಿಸಿ ಗುಂಡಿಗೆ ಇಳಿಸಬೇಡಿ, ಏಣಿ ಇಡಿ.

ಮಿಷನ್ ಬಂದ ದಿನ ತಮ್ಮ ನೋಡಬೇಕಾದ್ದನ್ನು ಹೇಳುತ್ತೇನೆ. ಕ್ಯಾಂಟರ್‌ನಿಂದ ಇಳಿಸುವಾಗಲೇ ಶುರು. ಖಾಲಿ ಬಕೆಟ್ ಅಲ್ಲವೇ, ಮುಂದಕ್ಕೆ ಇಳಿಯಬೇಕು. ವಾಪಸ್ ಹತ್ತಿಸುವಾಗ ರಿವರ್ಸ್‌ನಲ್ಲಿ. ಕ್ಯಾಂಟರ್ ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ಬಕೆಟ್ ಲಾಕ್. ಎರಡು ಲಿವರ್ ಪೂರ್ತಿ ಕೆಳಗೆ ಕೂತು, ಅದರ ಬೆಣೆಗಳು ಬಕೆಟ್‌ನ ತೂತಿನಿಂದ ಆಚೆ ಬಂದಿರುವುದು ಕಣ್ಣಿಗೆ ಕಾಣಬೇಕು. ತೂತಿನಲ್ಲಿ ಮಣ್ಣು ಗಟ್ಟಿಯಾಗಿದ್ದರೆ ಕೂರುವುದಿಲ್ಲ. ಕೂತಂತೆ ಕಂಡರೂ ಬಕೆಟ್ ಹಲ್ಲನ್ನು ನೆಲಕ್ಕೆ ಒತ್ತಿ ನೋಡಿ. ಕ್ಯಾಬಿನ್ ಎತ್ತಿ ರಿಪೇರಿ ಮಾಡಿದ ಮಿಷನ್‌ಗಳಲ್ಲಿ ಕ್ಯಾಬಿನ್ ಹಿಡಿಯುವ ನಟ್‌ಗಳನ್ನೇ ಹಾಕಿರುವುದಿಲ್ಲ. ಅವಿಲ್ಲದೆ ಆ ಪಂಜರ ಲೆಕ್ಕಕ್ಕಿಲ್ಲ.

ಇಂಟರ್‌ಲಾಕ್, ಅಂದರೆ ಬಾರ್ ಎತ್ತಿದರೆ ಎಲ್ಲಾ ಲಾಕ್ ಆಗುವ ವ್ಯವಸ್ಥೆ, ನೋಡುವುದು ಸುಲಭ. ಬೆಲ್ಟ್ ಹಾಕಿ ಕೂತು, ಇಂಜಿನ್ ಸ್ಟಾರ್ಟ್ ಮಾಡಿ, ಬಾರ್ ಮೇಲೆತ್ತಿ. ಈಗ ಲಿವರ್ ಆಡಿಸಿದರೆ ಆರ್ಮ್ ಅಲುಗಬಾರದು, ಚಕ್ರವೂ ಅಲುಗಬಾರದು. ಅಲುಗಿದರೆ ಆ ಮಿಷನ್ ವಾಪಸ್ ಕಳಿಸಿ.

ಎಣ್ಣೆ ಸೋರುತ್ತಿದ್ದರೆ ಕೈಯಿಂದ ಸವರಿ ಹುಡುಕಬೇಡಿ. 200 ಬಾರ್‌ಗೂ ಮೇಲಿನ ಒತ್ತಡದಲ್ಲಿ ಸೂಜಿಗಿಂತ ಸಣ್ಣ ತೂತಿನಿಂದ ಬರುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ನೋವು ಮೊದಲು ಇರುವುದಿಲ್ಲ, ಆಮೇಲೆ ಬೆರಳೇ ಹೋಗಬಹುದು. ರಟ್ಟು ಹಿಡಿದು ನೋಡಿ. ಹಾಗೇನಾದರೂ ಆದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಅಂತ ಬಾಯಿ ಬಿಟ್ಟು ಹೇಳಿ.

ಮಾಲೂರು ತಮ್ಮ

ಆರ್ಮ್ ಮೇಲಿರುವಾಗ ಇಂಜಿನ್ ಆಫ್ ಆಗಿಬಿಟ್ಟರೆ? ಹೇಗೆ ಇಳಿಯುವುದು?

ಫಿಟ್ಟರ್ ತುಮಕೂರು

ಒಳ್ಳೆ ಪ್ರಶ್ನೆ ಕೇಳಿದೆ. ಸೀಟ್ ಬಿಡಬಾರದು. ಇಂಜಿನ್ ಇಲ್ಲದೆಯೂ ಆರ್ಮ್ ಇಳಿಸಲು ಒಳಗೇ ಒಂದು ಬೈಪಾಸ್ ನಾಬ್ ಇರುತ್ತದೆ. ಎಲ್ಲಿದೆ ಅಂತ ಮೊದಲ ದಿನವೇ ಆಪರೇಟರ್ ಕೈಯಲ್ಲಿ ತೋರಿಸಿಕೋ. ಕೆಳಗೆ ಯಾರೂ ಇಲ್ಲ ಅಂತ ನೋಡಿ ಇಳಿಸು. ಆರ್ಮ್ ಮೇಲಿಟ್ಟೇ ರಿಪೇರಿ ಮಾಡಬೇಕಾದರೆ ಮಿಷನ್ ಜೊತೆ ಬರುವ ಆರ್ಮ್ ಸಪೋರ್ಟ್ ಹಾಕಬೇಕು. ನೀನು ಸೀಟ್‌ನಲ್ಲಿರು, ಇನ್ನೊಬ್ಬ ಹಾಕಲಿ. ಸೆಂಟ್ರಿಂಗ್ ಮರ, ಇಟ್ಟಿಗೆ, ಜಾಕ್ ಕೊಟ್ಟು ಯಾರೂ ಕೆಳಗೆ ತಲೆ ಹಾಕಬೇಡಿ. ಮುಂದಿನ ದಾರಿ ಮುಚ್ಚಿಹೋದರೆ ಹಿಂದಿನ ಕಿಟಕಿಯೇ ದಾರಿ. ಅದರ ಉಂಗುರ ಎಳೆದರೆ ಗಾಜು ಬಿಚ್ಚಿಕೊಳ್ಳುತ್ತದೆ. ಅದನ್ನೂ ನೋಡಿಕೋ.

ಮುಳಬಾಗಿಲು ಮೇಸ್ತ್ರಿ

ಇನ್ನೊಂದು ಮಾತು. ಹೆಲ್ಪರ್‌ಗಳಿಗೆ, ತಮ್ಮನಿಗೆ ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡ್ ಇದೆಯಾ? 18ರಿಂದ 60 ವರ್ಷದವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಮಾಡಿಸಬಹುದು. ಅಪಘಾತ ಆದಾಗ ನೆರವಿಗೆ ಬರುತ್ತದೆ. ನಮ್ಮ ಹುಡುಗರು ಸೋಮಾರಿತನಕ್ಕೆ ಮಾಡಿಸುವುದಿಲ್ಲ, ಬೇಜಾರಾಗುತ್ತದೆ.

ಚಿಂತಾಮಣಿ ಸಿವಿಲ್

ಆಪರೇಟರ್ ಯಾವಾಗ ಬರುತ್ತಾರೆ? ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜೋರು. ಮಳೆಗೆ ಮುಂಚೆ ಗೋಡೆ ನಿಲ್ಲುವುದಾದರೆ ಮಾತ್ರ ಗುಂಡಿ ಬಿಚ್ಚಿ.

ಮಾಲೂರು ಅಣ್ಣ

ಮೇಡಂ, ಮಿಷನ್ ಇವತ್ತು ಬೆಳಗ್ಗೆಯೇ ಬಂತು. ಬಂಗಾರಪೇಟೆಯ ಆಪರೇಟರ್ ಹಿರಿಯರು, ತಮ್ಮನನ್ನು ಪಕ್ಕದ ಬಯಲಿನಲ್ಲಿ ಖಾಲಿ ಓಡಿಸಿ ನೋಡಿದರು. ಇಂಟರ್‌ಲಾಕ್ ಸರಿ ಇದೆ. ಬಕೆಟ್ ಬೆಣೆ ಒಂದು ಕಡೆ ಪೂರ್ತಿ ಕೂರುತ್ತಿರಲಿಲ್ಲ, ಮಣ್ಣು ತೆಗೆದ ಮೇಲೆ ಕೂತಿತು. ಹಿಂದಿನ ಕಿಟಕಿಯ ಉಂಗುರ ಮಾತ್ರ ಕಿತ್ತುಹೋಗಿದೆ. ಮೇಲಿಂದ ಜಾಲರಿ ಬೇರೆ ಬೆಸುಗೆ ಹಾಕಿದ್ದಾರೆ. ಇದಕ್ಕೆ ಕೆಲಸ ನಿಲ್ಲಿಸಬೇಕಾ? ಗುತ್ತಿಗೆದಾರರು ಪರವಾಗಿಲ್ಲ ಅನ್ನುತ್ತಿದ್ದಾರೆ.

ಫಿಟ್ಟರ್ ತುಮಕೂರು

ನಿಲ್ಲಿಸಿ ಅಣ್ಣ. ಗುಂಡಿಯೊಳಗೆ ಮುಂದಕ್ಕೆ ಮುಗ್ಗರಿಸಿದರೆ ಅದೊಂದೇ ದಾರಿ. ಬೆಸುಗೆ ಕತ್ತರಿಸಿ ಜಾಲರಿಯನ್ನು ಒಳಗಿನಿಂದ ತೆಗೆಯಲು ಬರುವಂತೆ ಕೂರಿಸಬೇಕು. ರಬ್ಬರ್ ಬೀಡಿಂಗ್ ಮತ್ತು ಉಂಗುರ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಮಾಲೀಕರಿಗೆ ಫೋಟೋ ಕಳಿಸಿ, ಅವರ ಖರ್ಚಿನಲ್ಲೇ ಮಾಡಿಸಲಿ. ಇಂಧನ ಪೈಪ್, ಬ್ಯಾಟರಿ ಎಲ್ಲಾ ಹಿಂದೆಯೇ ಇದೆ. ಬೆಸುಗೆ ಕೆಲಸಕ್ಕೆ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಳ್ಳಿ.

ಮಾಲೂರು ತಮ್ಮ

ಮಾಲೀಕರು ಒಪ್ಪಿದರು. ನಾಳೆ ಮಧ್ಯಾಹ್ನ ವೆಲ್ಡರ್ ಬರುತ್ತಾರೆ. ಅಲ್ಲಿವರೆಗೆ ಎಡಗಡೆ ಗೋಡೆಯಿಂದ 4 ಅಡಿಗೆ ಸುಣ್ಣದ ಗೆರೆ ಹಾಕಿ, ಸುತ್ತ ಹಗ್ಗ ಕಟ್ಟುತ್ತಿದ್ದೇನೆ.